ಡೋಣಿ ದಾಟಿ ಮಮದಾಪುರಕ್ಕೆ

ವಿಜಯಪುರದಿಂದ ಬಬಲೇಶ್ವರದ ದಾರಿ ಹಿಡಿದು ಹೊರಟರೆ ಸಾರವಾಡದ ಬಳಿ ಡೋಣಿ ನದಿ ಅಡ್ಡವಾಗುತ್ತದೆ. ಬೇಸಿಗೆಯಲ್ಲಿ ನಾವು ಕಂಡದ್ದು ಹೂಳು, ಜಾಲಿಗಿಡಗಳು, ಅಲ್ಲಲ್ಲಿ ನಿಂತ ನೀರು. ಆ ನೀರೂ ಉಪ್ಪು. ಆದರೂ ಡೋಣಿಯ ದಂಡೆಯ ಎರೆಭೂಮಿಯ ಬಿಳಿಜೋಳ ನಾಡಿಗೆಲ್ಲ ಹೆಸರಾದುದು. ಈ ಬೆಳೆ ಕಾಲುವೆಯನ್ನು ಬೇಡದು. ಹಿಂಗಾರಿನಲ್ಲಿ ಬಿತ್ತಿದರೆ ಎರೆಮಣ್ಣು ಹಿಡಿದಿಟ್ಟ ಹಸಿಯ ಮೇಲೆಯೇ ತೆನೆಗಟ್ಟುತ್ತದೆ. ಆ ಮಳೆಯೇ ಕೈಕೊಟ್ಟರೆ ಗತಿಯೇನು?

ಅದಕ್ಕೆಂದೇ ಹಿರಿಯರು ಹಗೇವುಗಳನ್ನು ತೋಡಿದ್ದರು. ಗಡಸು ನೆಲದಲ್ಲಿ ಆಳವಾಗಿ ತೋಡಿದ ಕುಣಿ. ಬಾಯಿ ಕಿರಿದು, ಹೊಟ್ಟೆ ಹಿರಿದು. ಒಳಗೆ ಸುತ್ತಲೂ ಹುಲ್ಲು ಒತ್ತಿ, ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡದು. ತೆರೆದೊಡನೆ ಇಳಿಯುವಂತಿಲ್ಲ, ಒಳಗಿನ ಕೆಟ್ಟ ಗಾಳಿ ಪ್ರಾಣಕ್ಕೆ ಎರವಾದೀತು. ದೀಪ ಇಳಿಬಿಟ್ಟು, ಅದು ಆರದಿದ್ದರಷ್ಟೇ ಮನುಷ್ಯ ಇಳಿಯಬೇಕು. ಬರ ಬಂದಾಗ ಇದ್ದವರು ಹಗೇವು ತೆಗೆದು ಇಲ್ಲದವರಿಗೆ ಕಾಳು ಅಳೆದುಕೊಡುತ್ತಿದ್ದರು. ಮರಳಿ ಪಡೆಯುವಾಗ ಹೆಚ್ಚು ಅಳೆದುಕೊಂಡವರೂ ಇದ್ದರೆಂಬುದನ್ನು ಮರೆಮಾಚಬೇಕಿಲ್ಲ. ಹೊಲವಿಲ್ಲದವನಿಗೆ ಹಗೇವು ಎಲ್ಲಿಯದು? 1972ರ ಬರದಲ್ಲಿ ಪರಿಹಾರ ಕಾಮಗಾರಿಗಳಲ್ಲಿ ಕಲ್ಲು ಒಡೆದವರು ಇಂಥವರೇ. ಇಂದಿಗೂ ಈ ಜಿಲ್ಲೆಯ ತಾಂಡಾಗಳ ಜನ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತಾರೆ.

ಬಬಲೇಶ್ವರ ದಾಟಿ ಮಮದಾಪುರಕ್ಕೆ ಬಂದರೆ ಕಣ್ಣು ತುಂಬುವಷ್ಟು ವಿಸ್ತಾರವಾದ ಕೆರೆ. ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ, 1633ರಲ್ಲಿ, ಕಟ್ಟಿದ್ದು. ಬಹುಕಾಲ ಮಳೆಯನ್ನೇ ನಂಬಿದ್ದ ಈ ಕೆರೆಗೆ ಇತ್ತೀಚಿನ ವರ್ಷಗಳಲ್ಲಿ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂದಿದೆ. ಕೆರೆ ತುಂಬಿದರೆ ಸುತ್ತಲಿನ ಬಾವಿಗಳಿಗೂ ಜೀವ ಬರುತ್ತದೆ. ಇದು ಸಣ್ಣ ಮಾತಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದುದನ್ನು ನೆನೆದರೆ ಇದರ ಬೆಲೆ ತಿಳಿದೀತು.

ಆದರೆ ನಮ್ಮ ಆತಂಕ ಬೇರೆ. ಎರೆಭೂಮಿಗೆ ನೀರು ಮಿತಿಮೀರಿದರೆ ನೆಲ ಸವಳಾಗುತ್ತದೆ. ಒಮ್ಮೆ ಸವಳಾದ ಹೊಲವನ್ನು ತಿದ್ದುವುದು ಬಲು ಕಷ್ಟ. ಬರ ಒಂದು ವರ್ಷದ್ದು, ಸವಳು ತಲೆಮಾರಿನದು. ನೀರು ಬಂದುದೇ ತಡ ಕಬ್ಬಿಗೆ ಮುಗಿಬೀಳುವ ಮುನ್ನ ಊರವರು ಒಂದೆಡೆ ಕುಳಿತು ಎಷ್ಟು ನೀರು, ಯಾವ ಬೆಳೆ ಎಂದು ಲೆಕ್ಕ ಹಾಕಬೇಡವೇ?

ಕೆರೆಯ ಏರಿಯ ಮೇಲೆ ಕುಳಿತಿದ್ದ ಹಿರಿಯ ರೈತರೊಬ್ಬರನ್ನು ಇದನ್ನೇ ಕೇಳಿದೆವು. ಬಾವಿಗೆ ನೀರು ಬಂದರೂ ಅವರು ಅರ್ಧ ಹೊಲವನ್ನು ಜೋಳಕ್ಕೇ ಬಿಟ್ಟಿದ್ದರು.

"ಎಲ್ಲಾ ಕಬ್ಬು ಹಚ್ಚಿದ್ರ ದನಕ್ಕ ಕಣಿಕಿ ಎಲ್ಲಿಂದ ತರೂಣ್ರೀ, ಸರ?" ಎಂದರು. ಕಣಿಕೆಯ ಬಣವೆ ಮನೆಯ ಹಿತ್ತಿಲಲ್ಲಿದೆ, ನೋಡಿ ಹೋಗಿರೆಂದು ಕರೆದೊಯ್ದರು.