ಅಮ್ಮನ ಕೂಲಿ ಯಾವ ಕಾಲಂಗೆ?

1/6
ಮೈಸೂರು ಝೂನಲ್ಲಿ ವಯಸ್ಸಾದವರನ್ನ ಕೂರಿಸ್ಕೊಂಡು ಸುತ್ತೋ ಬ್ಯಾಟರಿ ಗಾಡಿ ನೋಡಿದ್ದೀರಲ್ಲ? ಅದೇ ಜಾತಿಯ ಗಾಡಿಗೆ ಗಾಲ್ಫ್ ಕಾರ್ಟ್ ಅಂತಾರೆ. ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರದ್ದು. ನಮ್ಮ ಮನೇಲಿ ಇವತ್ತಿನವರೆಗೂ ಒಬ್ರೂ ಗಾಲ್ಫ್ ಕೋಲು ಮುಟ್ಟಿಲ್ಲ. ಆದ್ರೂ ಹೋದ ತಿಂಗಳು ನಮ್ಮ ಹಾಲ್ ತುಂಬಾ ಗಾಲ್ಫ್ ಕಾರ್ಟ್ ಸೀಟು 😅

ಊರಾಚೆ ಒಂದು ರೆಸಾರ್ಟು. ಅವರ ನಾಲ್ಕು ಸೀಟಿನ ಗಾಡೀಲಿ ಎರಡು ಉದ್ದದ ಸೀಟು, ಎರಡು ಒರಗು. ಎಲ್ಲಾ ಹರಿದಿತ್ತು. ಅಲ್ಲಿ ಕೆಲಸ ಮಾಡೋ ಪಕ್ಕದ ಮನೆ ಆಂಟಿ ನಮ್ಮಮ್ಮನ ಹೆಸರು ಹೇಳಿದ್ರು. ಅಮ್ಮ ಬ್ಲೌಸ್ ಹೊಲಿಯೋರು. "ಬಟ್ಟೆ ಆದ್ರೇನು, ರೆಕ್ಸಿನ್ ಆದ್ರೇನು, ಅಳತೆ ಅಳತೇನೇ" ಅಂತ ಒಪ್ಕೊಂಡ್ರು. ಮ್ಯಾನೇಜರ್ ಸಾಮಾನಿಗೆ ಅಂತ 3,000 ಅಡ್ವಾನ್ಸ್ ಕೊಟ್ಟು, "ಮೊದಲು ಒಂದು ಸೀಟು, ಒಂದು ಒರಗು ಮಾಡಿ ತೋರಿಸಿ. ರೇಟು ಆಮೇಲೆ ಮಾತಾಡೋಣ" ಅಂದ್ರು.

2/6 ಬಿಚ್ಚೋದು
ಬಿಚ್ಚೋ ಮುಂಚೆ ಎಲ್ಲಾ ಕಡೆಯಿಂದ ಫೋಟೋ ತಗೊಳ್ಳಿ. ಸೀಟು ತಿರುಗಿಸಿದ್ರೆ ಹಿಂದೆ ಪ್ಲೈವುಡ್, ಅದರ ಸುತ್ತ ಸಾಲಾಗಿ ಸ್ಟೇಪ್ಲರ್ ಪಿನ್ನು. ಚಪ್ಪಟೆ ಸ್ಕ್ರೂಡ್ರೈವರಲ್ಲಿ ಎಬ್ಬಿಸಿ, ಕಟಿಂಗ್ ಪ್ಲೇಯರಲ್ಲಿ ಎಳೀಬೇಕು. ಪಿನ್ನು ಎಲ್ಲೆಲ್ಲೋ ಹಾರತ್ತೆ, ಮನೇಲೂ ಚಪ್ಪಲಿ ಹಾಕ್ಕೊಳ್ಳಿ.

ಒಳಗೆ ನೋಡಿದ್ರೆ ಕಥೆನೇ ಬೇರೆ. ಬಿಸಿಲಿಗೆ ರೆಕ್ಸಿನ್ ಒಣಗಿ ಬಿರುಕು ಬಿಟ್ಟಿದೆ. ಬಿರುಕಲ್ಲಿ ಮಳೆನೀರು ಇಳಿದಿದೆ. ಸ್ಪಂಜು ಕುಡಿದ ನೀರು ಆರದೆ ಪ್ಲೈವುಡ್ ಕೊಳೆತಿದೆ. ಒಂದು ಸೀಟಿನ ಹಲಗೆ ಕೈಯಲ್ಲೇ ಪುಡಿ ಆಯ್ತು. ಬರೀ ಕವರ್ ಬದಲಾಯಿಸಿದ್ರೆ ಆರು ತಿಂಗಳಲ್ಲಿ ಮತ್ತೆ ಇದೇ ಹಾಡು. ಅದಕ್ಕೆ ಆ ಸೀಟಿಗೆ ನೀರಿಗೆ ತಡೆಯೋ ಪ್ಲೈ ತಂದ್ವಿ. ಅಂಗಡೀಲಿ ಐಎಸ್ 710 ಅಂತ ಅಚ್ಚು ಇರೋದನ್ನ ಕೇಳಿ, ಅದು ಮರೈನ್ ಪ್ಲೈ.

3/6 ಹೊಲಿಯೋದು
ಹಳೇ ಕವರನ್ನ ಬಿಸಾಕಬೇಡಿ! ಹೊಲಿಗೆ ಬಿಚ್ಚಿ ತುಂಡುಗಳಿಗೆ ನಂಬರ್ ಹಾಕಿದ್ರೆ ಅದೇ ನಿಮ್ಮ ಪ್ಯಾಟರ್ನು. ಹೊಸ ರೆಕ್ಸಿನ್ನಿನ ಹಿಂಬದಿಗೆ ಇಟ್ಟು ಚಾಕಲ್ಲಿ ಗೆರೆ ಎಳೆದು, ಅರ್ಧ ಇಂಚು ಹೊಲಿಗೆಗೆ ಬಿಟ್ಟು ಕತ್ತರಿಸಿ. (ರೆಕ್ಸಿನ್ ಅನ್ನೋದು ಮೊದಲು ಇಂಗ್ಲೆಂಡಿನ ಒಂದು ಕಂಪನಿಯ ಬ್ರ್ಯಾಂಡ್ ಹೆಸರು. ನಮ್ಮಲ್ಲಿ ಅದು ಬಟ್ಟೆಯ ಹೆಸರೇ ಆಗೋಗಿದೆ.)

ಗುಂಡುಸೂಜಿ ಚುಚ್ಚಬೇಡಿ. ಬಟ್ಟೇಲಿ ತೂತು ಮುಚ್ಕೊಳ್ಳತ್ತೆ, ರೆಕ್ಸಿನ್‌ನಲ್ಲಿ ಹಾಗೇ ಉಳಿಯತ್ತೆ. ನಾವು ಬಟ್ಟೆ ಒಣಗಿಸೋ ಕ್ಲಿಪ್ಪು ಹಾಕಿದ್ವಿ. 18 ನಂಬರ್ ಸೂಜಿ, ಗಟ್ಟಿ ನೈಲಾನ್ ದಾರ, ಹೊಲಿಗೆ ದೊಡ್ಡದು. ಸಣ್ಣ ಹೊಲಿಗೆ ಹಾಕಿದ್ರೆ ಬಸ್ ಟಿಕೆಟ್ ಹರಿಯೋ ಹಾಗೆ ಸಾಲಾಗಿ ಹರಿದುಹೋಗತ್ತೆ. ಮಷೀನಿನ ಪಾದ ರೆಕ್ಸಿನ್‌ಗೆ ಅಂಟ್ಕೊಂಡು ಮುಂದೆ ಹೋಗ್ತಿರಲಿಲ್ಲ. ಅಮ್ಮ ಪಾದದ ತಳಕ್ಕೆ ಪೇಪರ್ ಟೇಪ್ ಅಂಟಿಸಿದ್ರು, ಸಲೀಸಾಯ್ತು. ದಪ್ಪ ಮೂಲೆ ಬಂದಾಗ ಮೋಟಾರ್ ಬಿಟ್ಟು ಕೈಯಲ್ಲೇ ಚಕ್ರ ತಿರುಗಿಸಿದ್ರು.

4/6 ಎಳೆಯೋದು
ಇದು ಇಬ್ಬರ ಕೆಲಸ. ಹಲಗೆ ಮೇಲೆ 40 ಡೆನ್ಸಿಟಿ ಸ್ಪಂಜು, ಅದರ ಮೇಲೆ ಪಾಲಿಥೀನ್ ಹಾಳೆ, ಮೇಲೆ ಕವರ್. ಕವರನ್ನ ಮೊದಲು ಇಪ್ಪತ್ತು ನಿಮಿಷ ಬಿಸಿಲಿಗೆ ಇಟ್ರೆ ಮೆತ್ತಗಾಗಿ ಚೆನ್ನಾಗಿ ಎಳೆಯತ್ತೆ. ಪಿನ್ನು ಹೊಡೆಯೋದು ಮಧ್ಯದಿಂದ: ಮುಂದೆ ಒಂದು, ಎದುರಿಗೆ ಹಿಂದೆ ಒಂದು, ಆಮೇಲೆ ಎಡ, ಬಲ. ಮೂಲೆಗಳು ಕೊನೇಗೆ. ಮೂಲೆಯಿಂದ ಶುರು ಮಾಡಿದ್ರೆ ಮಧ್ಯದಲ್ಲಿ ಸುಕ್ಕು ಗ್ಯಾರಂಟಿ. ಹಲಗೆಗೆ ಎರಡು ತೂತು ಕೊರೆದ್ವಿ, ಕೂತಾಗ ಗಾಳಿ, ಮಳೇಲಿ ನೀರು ಆಚೆ ಹೋಗಲಿ ಅಂತ.

5/6 ಲೆಕ್ಕ
ಸ್ಯಾಂಪಲ್ ಜೋಡಿಗೆ ಅಮ್ಮಂದು 7 ಗಂಟೆ, ನಂದು 4 ಗಂಟೆ. ನೋಡಿ ಮ್ಯಾನೇಜರ್ ಖುಷಿಯಾದ್ರು. "ಸೂಪರ್ ಅಕ್ಕ! ಎಲ್ಲಾ ಸೇರಿ 5,000 ಮಾಡ್ಕೊಳ್ಳಿ. ಮನೇಲೇ ಮಾಡೋದಲ್ವಾ?" ಅಮ್ಮ ತಲೆ ಆಡಿಸೋದ್ರಲ್ಲಿದ್ರು. "ನಾಳೆ ಹೇಳ್ತೀವಿ ಸಾರ್" ಅಂದೆ.

ರಾತ್ರಿ ಕಾಸ್ಟ್ ಶೀಟ್ ಹಾಕಿದೆ, ಪೂರ್ತಿ ಗಾಡಿಗೆ:
ರೆಕ್ಸಿನ್ 5 ಮೀಟರ್: 1,900
ಸ್ಪಂಜು: 1,500
ಪ್ಲೈ: 600
ದಾರ, ಪಿನ್ನು, ಅಂಟು: 400
ಸಾಮಾನೇ 4,400.

ಅಂದ್ರೆ 5,000ದಲ್ಲಿ ನಮಗೆ ಉಳಿಯೋದು 600. ಇಬ್ಬರ 22 ಗಂಟೆಗೆ. ಗಂಟೆಗೆ 27 ರೂಪಾಯಿ ಕಣ್ರೋ.

"ಕೂಲಿ ಎಷ್ಟು ಬರೀಲಿ ಅಮ್ಮಾ?" ಅಂದೆ. "ನಂದೇನೇ ಕೂಲಿ? ಮನೇಲಿ ಇರೋಳು ತಾನೇ, ಬಿಡು" ಅಂದ್ರು.

ಇಲ್ಲಿ ನಿಂತೆ ನಾನು. ನಮ್ಮ ಟೆಕ್ಸ್ಟ್ ಬುಕ್ಕಲ್ಲಿ ನೋಷನಲ್ ಕಾಸ್ಟ್ ಅಂತ ಬರತ್ತಲ್ಲ, ದುಡ್ಡು ಕೈಬಿಟ್ಟು ಹೋಗದಿದ್ರೂ ಲೆಕ್ಕಕ್ಕೆ ಹಿಡಿಯೋ ಖರ್ಚು? ಸ್ವಂತ ಕಟ್ಟಡದ ಬಾಡಿಗೆ ಅಂತ ಉದಾಹರಣೆ ಬರೆದು ಮಾರ್ಕ್ಸ್ ತಗೋತೀವಿ. ಅದೇ ಪಾಠ ಅಮ್ಮನ ಕೈಗೂ ಅನ್ವಯಿಸತ್ತೆ. ಆ 14 ಗಂಟೇಲಿ ಅವರು ಲೈನಿಂಗ್ ಬ್ಲೌಸ್ ಏಳು ಹೊಲೀತಿದ್ರು. 350ರ ಹಾಗೆ 2,450. ನನ್ನ 8 ಗಂಟೆಗೆ 600. ಕರೆಂಟು, ಸೂಜಿ, ಎಣ್ಣೆ 150. ಒಟ್ಟು 7,600. ಮೇಲೆ ಶೇಕಡ 15 ಲಾಭ ಸೇರಿಸಿದ್ರೆ 8,740.

ಅಮ್ಮ ಆ ಹಾಳೇನ ಎರಡು ಸಲ ಓದಿದ್ರು. ಏನೂ ಹೇಳಲಿಲ್ಲ.

6/6
ಬೆಳಗ್ಗೆ ಫೋನ್ ಮಾಡಿದ್ದು ಅಮ್ಮನೇ. "8,700 ಆಗತ್ತೆ ಸಾರ್. ಹಲಗೆ ಹೊಸದು, ದಾರ ನೈಲಾನು. ಬೇಕಾದ್ರೆ ಹೊರಗೂ ವಿಚಾರಿಸಿ." ಆ ಕಡೆ ಮೌನ. ಮೂರು ದಿನ ಫೋನೇ ಇಲ್ಲ. ಆ ಮೂರು ದಿನ ಮನೇಲಿ ನನ್ನ ಮುಖ ನೋಡೋರಿಲ್ಲ 🙃 ನಾಲ್ಕನೇ ದಿನ 8,000ಕ್ಕೆ ಒಪ್ಪಿದ್ರು. ಲಾಭ 400 ಅಷ್ಟೇ, ಆದ್ರೆ ಕೂಲಿ ಪೂರ್ತಿ ಬಂತು. ಅವರ ಇನ್ನೊಂದು ಗಾಡಿ ಮಾತ್ರ ನಮ್ಮ ಹತ್ರ ಬರಲಿಲ್ಲ. ಇದನ್ನೂ ಹೇಳಲೇಬೇಕು, ಸರಿಯಾದ ರೇಟು ಹೇಳಿದ್ರೆ ಕೆಲವು ಕೆಲಸ ಕೈ ತಪ್ಪತ್ತೆ.

ನಿಮ್ಮನೇಲೂ ಯಾರೋ ಹಪ್ಪಳ ಮಾಡ್ತಾರೆ, ಹೂ ಕಟ್ತಾರೆ, ಟ್ಯೂಷನ್ ಹೇಳ್ತಾರೆ, ಫಾಲ್ಸ್ ಹಾಕ್ತಾರೆ. ಈ ಭಾನುವಾರ ಅವರ ಪಕ್ಕ ಕೂತು ಗಂಟೆ ಎಣಿಸಿ. ಸೆಮಿಸ್ಟರ್ ಪೂರ್ತಿ ಕಲಿತದ್ದು ಒಂದು ಹಾಳೇಲಿ ಬರತ್ತೆ.

ಅಂದ ಹಾಗೆ, ಹೋದ ವಾರ ಅಮ್ಮ ಒಂದು ಬ್ಲೌಸ್ ತಂದು ನನ್ನ ಮುಂದೆ ಇಟ್ಟು, "ಇದಕ್ಕೂ ಆ ಥರ ಹಾಳೆ ಹಾಕ್ಕೊಡೇ" ಅಂದ್ರು. ಈಗ ಲೈನಿಂಗ್ ಬ್ಲೌಸಿಗೆ 400.

#ಬಿಕಾಂಬದುಕು #ಕಾಸ್ಟ್‌ಶೀಟ್ #ಅಮ್ಮನಮಷೀನು