ಹಳೆಯ ಕತೆ, ಹೊಸ ಕಿವಿ

ಮೊಮ್ಮಕ್ಕಳಿಗೆ ಕತೆ ಹೇಳುವುದು ಸುಲಭದ ಕೆಲಸವೆಂದು ತಿಳಿದವರು ಇನ್ನೂ ಇದ್ದಾರೆ. ಅವರಿಗೆ ಮೊಮ್ಮಕ್ಕಳಿಲ್ಲ, ಇದ್ದರೂ ದೂರದ ಊರಿನಲ್ಲಿದ್ದಾರೆ ಎಂದು ನನ್ನ ಊಹೆ. ನನ್ನ ಮೊಮ್ಮಗನಿರುವುದು ಬೆಂಗಳೂರಿನಲ್ಲಿ. ನಮ್ಮ ಬಂಗಾರಪೇಟೆಗೆ ಅಲ್ಲಿಂದ ರೈಲಿನಲ್ಲಿ 70 ಕಿಲೋಮೀಟರು. ಬೇಸಗೆಯ ರಜ ಬಂತೆಂದರೆ ಆ ದೂರ ದೂರವೇ ಅಲ್ಲ.

ಕಳೆದ ಬೇಸಗೆಯ ಒಂದು ಸಂಜೆ ಗಾಳಿಮಳೆಗೆ ಕರೆಂಟು ಹೋಯಿತು. ಹುಡುಗ ಫೋನಿನಲ್ಲಿ ಒಂದು ಇಂಗ್ಲಿಷ್ ಚಿತ್ರ ನೋಡುತ್ತಿದ್ದ. ಮೂವರು ಜನ ಪಾಳುಬಿದ್ದ ಗಣಿಯೊಂದರ ತಳ್ಳುಗಾಡಿಗಳಲ್ಲಿ ಕುಳಿತು ಪಾತಾಳದ ಕಡೆಗೆ ಧಾವಿಸುತ್ತಿರುವಾಗ ಫೋನಿನ ಬ್ಯಾಟರಿಯೂ ಮುಗಿದು ಪರದೆ ಕಪ್ಪಾಯಿತು. ಅವನ ಮುಖ ನೋಡಿ ನನಗೆ ಕನಿಕರವಾಯಿತು.

"ಮುಂದಿನದು ನನಗೆ ಗೊತ್ತಪ್ಪ, ಹೇಳಲೇ?" ಎಂದೆ.

"ನಿಮಗೆ ಗೊತ್ತಿರೋದು ಹಳೇದು ತಾತ. ಇದು ರೀಬೂಟ್."

ಆ ಶಬ್ದವನ್ನು ನಾನು ಕೇಳಿದ್ದೆ, ಅರ್ಥ ತಿಳಿದಿರಲಿಲ್ಲ. ಹಳೆಯ ಕತೆಗೆ ಹೊಸ ಬೂಟು ತೊಡಿಸುವುದಿರಬೇಕು ಎಂದುಕೊಂಡೆ. ಹುಡುಗ ನಕ್ಕು ತಿದ್ದಿದ. ಅದು ಕಂಪ್ಯೂಟರಿನ ಮಾತಂತೆ. ಕೆಟ್ಟು ನಿಂತದ್ದನ್ನು ಒಮ್ಮೆ ಆರಿಸಿ ಮತ್ತೆ ಹೊತ್ತಿಸುವುದಂತೆ. ಹಳೆಯ ಕಾಲದ ವೈಜ್ಞಾನಿಕ ಕತೆಗಳನ್ನು ಈಗಿನವರಿಗಾಗಿ ಹೀಗೆ ಮತ್ತೆ ಹೊತ್ತಿಸುತ್ತಾರಂತೆ. ಇರಬಹುದು. ನನಗೆ ನನ್ನ ಬೂಟಿನ ಅರ್ಥವೇ ಹಿಡಿಸಿತು. ಅದಕ್ಕೆ ಕಾರಣ ನನ್ನ ಸೋದರಮಾವ.

ಮಾವನವರು ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು. ಕುಸಿಯದಂತೆ ಬಂಡೆಗೆ ಮರದ ಆಧಾರ ಕೊಡುವುದು ಅವರ ಕೆಲಸ. ರಜದ ದಿನ ಮಾರಿಕುಪ್ಪಂ ರೈಲಿನಲ್ಲಿ ನಮ್ಮ ಮನೆಗೆ ಬರುವರು. ಬೂಟು ಕಳಚಿ ಜಗಲಿಯ ಕೆಳಗಿಟ್ಟು, ಕಾಫಿ ಕುಡಿದು, ಕತೆ ಆರಂಭಿಸುವರು. ಅವರಲ್ಲಿ ಇದ್ದ ಕತೆ ಒಂದೇ. 1956ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೆ ಸೇರಿದಾಗ ಊರು ಬಿಟ್ಟು ಹೊರಟ ಒಬ್ಬ ದೊರೆಯ ಬಂಗಲೆಯ ಸಾಮಾನು ಹರಾಜಾಯಿತಂತೆ. ಅದರಲ್ಲಿ ಮಾವನವರ ಪಾಲಿಗೆ ಬಂದದ್ದು ಒಂದು ಲಾಂದ್ರ, ಅದರ ಜತೆಗೆ ಕಟ್ಟಿಟ್ಟಿದ್ದ ಒಂದು ಹರಕು ಇಂಗ್ಲಿಷ್ ಪುಸ್ತಕ. ಜೂಲ್ಸ್ ವರ್ನ್ ಎಂಬ ಫ್ರೆಂಚ್ ಲೇಖಕ 1864ರಲ್ಲಿ ಬರೆದ, ಭೂಮಿಯ ಕೇಂದ್ರಕ್ಕೆ ಪಯಣ ಹೊರಟವರ ಕತೆ ಅದು. ಲಾಂದ್ರ ಎರಡು ವರ್ಷಕ್ಕೆ ಕೆಟ್ಟಿತು. ಕತೆ ಇನ್ನೂ ಉರಿಯುತ್ತಿದೆ.

ಮಿಷನ್ ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಮಾವನವರು ಒಂದೊಂದೇ ಪುಟ ಬಗೆದು ಓದಿದರು. ಐಸ್‌ಲೆಂಡಿನ ಆರಿದ ಜ್ವಾಲಾಮುಖಿಯೊಂದರ ಬಾಯಿಯಿಂದ ಒಬ್ಬ ಪ್ರೊಫೆಸರು, ಅವನ ಸೋದರ ಸಂಬಂಧದ ಹುಡುಗ, ಹ್ಯಾನ್ಸ್ ಎಂಬ ಮಾರ್ಗದರ್ಶಿ—ಈ ಮೂವರು ಇಳಿಯುತ್ತಾರೆ. ಕೆಳಗೆ ಹೋದಷ್ಟೂ ಕಾವು ಹೆಚ್ಚುವುದಲ್ಲವೇ ಎಂದು ಹುಡುಗ ಹೆದರುತ್ತಾನೆ; ಪ್ರೊಫೆಸರು ಒಪ್ಪುವುದಿಲ್ಲ. ಇಲ್ಲಿ ಮಾವನವರು ಪುಸ್ತಕವನ್ನು ಮುಚ್ಚಿಬಿಟ್ಟರು. ಏಕೆಂದರೆ ಹುಡುಗ ಹೇಳಿದ್ದು ಸರಿಯೆಂದು ಅವರ ಮೈಗೆ ಗೊತ್ತಿತ್ತು. ನಮ್ಮ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮಿಕ್ಕಿ ಆಳ ಹೋಯಿತು. ಭೂಮಿಯ ಕೇಂದ್ರಕ್ಕಿರುವ ಸುಮಾರು 6,371 ಕಿಲೋಮೀಟರಿನಲ್ಲಿ ಇದು ಒಂದು ಗೀರು, ಅಷ್ಟೆ. ಆದರೂ ಆ ಆಳದಲ್ಲಿ ಬಂಡೆಯ ಕಾವು 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ಯಂತ್ರದಿಂದ ತಣ್ಣನೆಯ ಗಾಳಿ ಕಳುಹಿಸದೆ ಅಲ್ಲಿ ನಿಲ್ಲುವಂತಿರಲಿಲ್ಲ.

ಆದ್ದರಿಂದ ಮಾವನವರ ಕತೆಯಲ್ಲಿ ಪ್ರೊಫೆಸರು ಇಳಿದದ್ದು ಐಸ್‌ಲೆಂಡಿನಲ್ಲಿ ಅಲ್ಲ, ಮಾರಿಕುಪ್ಪದ ಹತ್ತಿರ. ಹಗ್ಗದಲ್ಲಿ ಅಲ್ಲ, ಕೇಜಿನಲ್ಲಿ. ಮೊದಲ ಅಂತಸ್ತಿನಲ್ಲಿ ಟೋಪಿ ತೆಗೆಯುತ್ತಿದ್ದ. ಮುಂದಿನದರಲ್ಲಿ ಕೋಟು. ಇನ್ನೂ ಕೆಳಗೆ ಕಾಲರು, ಟೈ, ಅಂಗಿ. ಕೊನೆಗೆ ಅಷ್ಟು ದೊಡ್ಡ ವಿದ್ವಾಂಸನ ಮೈಮೇಲೆ ಒಂದು ಚಡ್ಡಿ, ಎರಡು ಬೂಟು ಮಾತ್ರ ಉಳಿಯುತ್ತಿದ್ದವು. ನಾವು ಮಕ್ಕಳು ನಗುನಗುತ್ತ ಜಗಲಿಯಿಂದ ಉರುಳುವುದೊಂದು ಬಾಕಿ. ಹ್ಯಾನ್ಸನ ಮೇಲೆ ಮಾತ್ರ ಮಾವನವರು ಕೈಮಾಡಲಿಲ್ಲ. ಪುಸ್ತಕದಲ್ಲಿ ಅವನು ಮಾತನಾಡುವುದೇ ಅಪರೂಪ. ಎಂಥ ಪಾತಾಳದಲ್ಲಿದ್ದರೂ ಶನಿವಾರದ ಸಂಜೆ ತನ್ನ ವಾರದ ಕೂಲಿಯನ್ನು ಎಣಿಸಿ ತೆಗೆದುಕೊಳ್ಳುತ್ತಾನೆ. "ಇವನು ನಮ್ಮವನೇ ಕಣೋ," ಎನ್ನುತ್ತಿದ್ದರು ಮಾವ.

1965ರಲ್ಲಿ ಕತೆಗೆ ಇನ್ನೊಂದು ಪಾತ್ರ ಸೇರಿತು. ಚಾಂಪಿಯನ್ ರೀಫಿನಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಬೊಂಬಾಯಿಯ ಟಾಟಾ ಸಂಶೋಧನ ಸಂಸ್ಥೆಯವರು, ಜಪಾನಿನ ಒಸಾಕದವರು, ಇಂಗ್ಲೆಂಡಿನ ಡರ್ಹಾಮಿನವರು ಕೂಡಿ ಉಪಕರಣಗಳನ್ನು ಹೂಡಿ ಕಾದಿದ್ದರು. ನ್ಯೂಟ್ರಿನೋ ಎಂಬ ಕಣ ಇಡೀ ಭೂಮಿಯನ್ನೇ ಹಾಯ್ದುಹೋಗಬಲ್ಲದು, ಕಾಣದು, ತಾಗದು. ಆಕಾಶದಿಂದ ಬರುವ ಉಳಿದ ಕಣಗಳನ್ನೆಲ್ಲ ಮೇಲಿನ ಬಂಡೆ ತಡೆಯುವುದರಿಂದ ಇದರ ಗುರುತನ್ನು ಪಾತಾಳದಲ್ಲಿಯೇ ಹುಡುಕಬೇಕು. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತು ಜಗತ್ತಿನಲ್ಲಿ ಮೊದಲು ಸಿಕ್ಕ ಎಡೆಗಳಲ್ಲಿ ಒಂದು ನಮ್ಮ ಗಣಿ. ಸುಮಾರು ಅದೇ ಕಾಲಕ್ಕೆ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿಯೂ ಸಿಕ್ಕಿತು. ಮಾವನವರಿಗೆ ಇದರ ಸುದ್ದಿ ಆ ಗಣಿಯ ಸ್ನೇಹಿತರಿಂದ ಬಂತು. ಮುಂದಿನ ವಾರವೇ ನಮ್ಮ ಕತೆಯ ಪ್ರೊಫೆಸರಿಗೆ ಕೆಳಗೆ ಒಬ್ಬ ಮೇಷ್ಟರು ಎದುರಾದರು. ಅವರು ಕತ್ತಲಿನಲ್ಲಿ ಒಂದು ಪೆಟ್ಟಿಗೆಯ ಮುಂದೆ ಕುಳಿತು, "ಸದ್ದು ಮಾಡಬೇಡಿ, ಕಾಣದವರೊಬ್ಬರು ಬರುವುದಿದೆ," ಎನ್ನುತ್ತಿದ್ದರು. ರೀಬೂಟ್ ಎಂದರೆ ಇದೇ ಅಲ್ಲವೇ?

ಕತೆಯ ಕೊನೆಯನ್ನು ಮಾತ್ರ ಮಾವನವರು ಎಂದೂ ಬದಲಿಸಲಿಲ್ಲ. ಗಣಿಗೆ ಇಳಿಯುವವನು ಹಲಗೆಯಿಂದ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ತೆಗೆದುಕೊಂಡು ಹೋಗುತ್ತಿದ್ದ. ಮೇಲೆ ಬಂದಾಗ ಮತ್ತೆ ಮೊಳೆಗೆ ತಗುಲಿಹಾಕುತ್ತಿದ್ದ. ಖಾಲಿ ಮೊಳೆಯೆಂದರೆ ಒಬ್ಬ ಕೆಳಗಿದ್ದಾನೆ. ಕತೆಯ ಕೊನೆಯಲ್ಲಿ ಕೇಜು ಮೇಲೆ ಬರುತ್ತಿತ್ತು. ಬಿಲ್ಲೆಗಳು ಒಂದೊಂದಾಗಿ ಹಲಗೆಯ ಮೇಲೆ ಟಣ್ ಟಣ್ ಎನ್ನುತ್ತಿದ್ದವು. "ಪ್ರೊಫೆಸರು, ಒಂದು. ಹುಡುಗ, ಎರಡು. ಹ್ಯಾನ್ಸು, ಮೂರು. ಮೇಷ್ಟರು, ನಾಲ್ಕು. ಎಲ್ಲರೂ ಬಂದರು. ಇನ್ನು ಮಲಗಿ." ಈ ಲೆಕ್ಕವಾಗದೆ ನಮಗೆ ನಿದ್ರೆ ಬರುತ್ತಿರಲಿಲ್ಲ.

ಮುಂದೆ ಕಾಲೇಜಿಗೆ ಸೇರಿ ಮೂಲ ಪುಸ್ತಕವನ್ನು ಓದಿದಾಗ ನನಗೆ ವರ್ನನ ಮೇಲೆ ಸಿಟ್ಟು ಬಂತು. ಅವನಲ್ಲಿ ಕೇಜು ಇಲ್ಲ, ಬಿಲ್ಲೆ ಇಲ್ಲ! ಇಟಲಿಯ ಸ್ಟ್ರಾಂಬೋಲಿ ಜ್ವಾಲಾಮುಖಿ ಮೂವರನ್ನೂ ಹೊರಕ್ಕೆ ಉಗುಳಿಬಿಡುತ್ತದೆ. ಸಾಲದ್ದಕ್ಕೆ ಪ್ರೊಫೆಸರಿನ ಹೆಸರು ಲಿಡೆನ್‌ಬ್ರಾಕ್ ಎಂದಿತ್ತು. ಮಾವನವರ ಪುಸ್ತಕದಲ್ಲಿ ಅವನು ಹಾರ್ಡ್‌ವಿಗ್. ಮಾವ ತಪ್ಪಿದರೋ ಎಂದುಕೊಂಡೆ. ತಪ್ಪಿದ್ದು ಅವರಲ್ಲ. 1871ರಲ್ಲಿ ಇದನ್ನು ಇಂಗ್ಲಿಷಿಗೆ ತಂದವರೇ ಜರ್ಮನ್ ಹೆಸರು ತಮ್ಮ ಓದುಗರಿಗೆ ರುಚಿಸದೆಂದೋ ಏನೋ ಹೆಸರನ್ನು ಬದಲಿಸಿದ್ದರು. 1959ರ ಹಾಲಿವುಡ್ ಚಿತ್ರದಲ್ಲಿ ಅವನು ಎಡಿನ್‌ಬರೋದವನಾದ. ಜತೆಗೆ ಒಬ್ಬ ಹೆಂಗಸೂ ಒಂದು ಬಾತುಕೋಳಿಯೂ ಇಳಿದರು. ನನ್ನ ಮೊಮ್ಮಗ ನೋಡುತ್ತಿದ್ದ 2008ರ ಚಿತ್ರದಲ್ಲಿಯಂತೂ ಪಾತ್ರಗಳು ವರ್ನನ ಪುಸ್ತಕವನ್ನೇ ಕೈಪಿಡಿಯಾಗಿ ಹಿಡಿದು ಹೊರಡುತ್ತವೆ. ಇವರನ್ನೆಲ್ಲ ಬೈಯುವ ಮೊದಲು ಸ್ವತಃ ವರ್ನನನ್ನು ವಿಚಾರಿಸಬೇಕು. 1867ರ ಮುದ್ರಣದಲ್ಲಿ ಅವನು, ಆಗಿನ ಹೊಸ ಸಂಶೋಧನೆಗಳಿಗೆ ತಕ್ಕಂತೆ, ಪಾತಾಳದಲ್ಲಿ ಆನೆಯಂಥ ಪುರಾತನ ಪ್ರಾಣಿಗಳ ಮಂದೆ ಕಾಯುವ ದೈತ್ಯ ಮಾನವನೊಬ್ಬನನ್ನು ಸೇರಿಸಿದ್ದ. ಮೂರೇ ವರ್ಷಕ್ಕೆ ತನ್ನ ಕತೆಗೆ ತಾನೇ ಹೊಸ ಬೂಟು!

ಆದ್ದರಿಂದ ಬದಲಿಸುವುದೇ ಅಪರಾಧ ಎನ್ನುವ ಪಕ್ಷಕ್ಕೆ ನಾನು ಸೇರಿದವನಲ್ಲ. ಬಂಗಾರಪೇಟೆಯವನು ಹಾಗೆನ್ನುವಂತೆಯೂ ಇಲ್ಲ. ಪಾನಿಪೂರಿ ನಮ್ಮ ಊರಿನಲ್ಲಿ ಹುಟ್ಟಿದ್ದಲ್ಲ; ಉತ್ತರದಿಂದ ಬಂದದ್ದು. ಅದರ ಹಸಿರು ಪಾನಿಯನ್ನು ನಮ್ಮವರು ಬಾವಿಯ ನೀರಿನಷ್ಟು ತಿಳಿಯಾಗಿ ಮಾಡಿದರು. ಕಣ್ಣಿಗೆ ಬರಿಯ ನೀರು, ಬಾಯಿಗಿಟ್ಟರೆ ಕಿವಿಯಲ್ಲಿ ಹೊಗೆ. ಈಗ ಬೆಂಗಳೂರಿನ ಬೀದಿಗಳಲ್ಲಿ ಊರಿನ ಹೆಸರಿನ ಹಲಗೆ ಹಾಕಿ ಅದನ್ನು ಮಾರುತ್ತಾರೆ. ಬಣ್ಣ ಹೋಯಿತು, ಖಾರ ಉಳಿಯಿತು. ಅದಕ್ಕೇ ಜನ ಒಪ್ಪಿದರು. ಖಾರ ತೆಗೆದು ಬಣ್ಣ ಉಳಿಸಿದ್ದರೆ?

ಕತ್ತಲೆಯಲ್ಲಿ ಕುಳಿತು ಮೊಮ್ಮಗನಿಗೆ ಮಾವನವರ ಕತೆಯನ್ನು ಹೇಳಿದೆ. ಟೋಪಿ, ಕೋಟು ಬಿಚ್ಚುವಾಗ ನಕ್ಕ. ನ್ಯೂಟ್ರಿನೋ ಮೇಷ್ಟರ ಬಳಿ ಹತ್ತು ಪ್ರಶ್ನೆ ಕೇಳಿದ. ಬಿಲ್ಲೆ ಎಣಿಸತೊಡಗಿದಾಗ ಮಾತ್ರ ನನ್ನನ್ನು ತಡೆದ.

"ತಾತ, ಒಬ್ಬ ಕೆಳಗೇ ಉಳೀಲಿ."

"ಯಾಕಪ್ಪ?"

"ಎಲ್ಲರೂ ಬಂದುಬಿಟ್ಟರೆ ಪಾರ್ಟ್ ಟೂ ಹೇಗೆ ಮಾಡೋದು?"

ನನಗೆ ಕೋಪವೇ ಬಂತು. ಇಷ್ಟು ಮಾತಿಗೆ ಅಷ್ಟು ಕೋಪ ಏಕೆಂದು ಹುಡುಗನಿಗೆ ತಿಳಿಯಲಿಲ್ಲ. "ಆಗುವುದಿಲ್ಲ. ಎಲ್ಲರೂ ಮೇಲೆ ಬರಬೇಕು," ಎಂದು ಗದರಿ ಕತೆ ಮುಗಿಸಿದೆ. ಅವನು ಮುಖ ತಿರುಗಿಸಿಕೊಂಡು ಮಲಗಿದ. ನನಗೆ ನಿದ್ರೆ ಬರಲಿಲ್ಲ.

ಕಾರಣವಿಷ್ಟು. ಆಳದ ಗಣಿಗಳಲ್ಲಿ ಬಂಡೆ ತನ್ನ ಮೇಲಿನ ಭಾರಕ್ಕೆ ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಸಿಡಿಯುತ್ತದೆ. ದೊಡ್ಡದಾದರೆ ಮೇಲಿನ ಮನೆಗಳಲ್ಲಿ ಪಾತ್ರೆಗಳು ಅಲುಗುತ್ತಿದ್ದವು; ಹೆಂಗಸರು ಒಲೆ ಬಿಟ್ಟು ಶಾಫ್ಟಿನ ಕಡೆಗೆ ಓಡುತ್ತಿದ್ದರು. ನಾನು ಹುಟ್ಟುವ ಮೊದಲೊಂದು ರಾತ್ರಿ ಪಾಳಿಯಲ್ಲಿ ಹೀಗಾಯಿತು. ಮಾವನವರು ಮೇಲೆ ಬಂದರು; ಅವರ ಜತೆಗೆ ಆಧಾರದ ಮರ ಹಿಡಿಯುತ್ತಿದ್ದ ಗೆಳೆಯ ಬರಲಿಲ್ಲ. ಒಂದು ಮೊಳೆ ಖಾಲಿ ಇತ್ತು. ಮಾವನವರು ಮನೆಗೆ ಹೋಗದೆ, ಹುಡುಕುವವರ ಜತೆ ಅದೇ ಕೇಜಿನಲ್ಲಿ ಮತ್ತೆ ಇಳಿದರು. ಮೂರನೆಯ ದಿನ ಗೆಳೆಯನನ್ನು ತಂದರು—ಜೀವಸಹಿತ ಅಲ್ಲ. ಬಿಲ್ಲೆಯನ್ನು ಮೊಳೆಗೆ ಹಾಕಿದ್ದು ಮಾವನವರ ಕೈಯೇ. ಇದನ್ನು ನನಗೆ ತಿಳಿಸಿದ್ದು ನಮ್ಮ ತಾಯಿ, ಮಾವನವರು ತೀರಿಕೊಂಡ ಮೇಲೆ. ವರ್ಷಗಟ್ಟಲೆ ನಮಗೆ ಬಿಲ್ಲೆ ಎಣಿಸುತ್ತಿದ್ದ ಆ ದನಿಯಲ್ಲಿ ಇದರ ಸುಳಿವೇ ಇರಲಿಲ್ಲ.

ಮರುದಿನ ರಾಜಿ ಮಾಡಿಕೊಳ್ಳುವುದಕ್ಕಾಗಿ ಹುಡುಗನನ್ನು ಗಣಿಯ ಕಡೆಗೆ ಕರೆದುಕೊಂಡು ಹೋದೆ. ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ 1894ರಲ್ಲಿ ಹಾಕಿದ ರೈಲು ದಾರಿ. ಕೋರಮಂಡಲ್, ಊರಿಗಾಂ, ಚಾಂಪಿಯನ್ ದಾಟಿ ಹೋಗುತ್ತದೆ. ಡಬ್ಬಿಯಲ್ಲಿದ್ದ ಇಬ್ಬರು ಯುವಕರು, ನರಾಚಿಗೆ ಎಲ್ಲಿ ಇಳಿಯಬೇಕೆಂದು ನನ್ನನ್ನೇ ಕೇಳಿದರು. ನರಾಚಿ ಇರುವುದು ನಮ್ಮ ಊರಿನ ಹೆಸರು ಹೊತ್ತು 2018ರಲ್ಲಿ, ಮತ್ತೆ 2022ರಲ್ಲಿ ಬಂದ ಚಿತ್ರಗಳಲ್ಲಿ ಮಾತ್ರ. ಹಾಗೆಂದೆ, ಅವರು ನಂಬಲಿಲ್ಲ. ಊರುಗಳಿಗೂ ಹೊಸ ಬೂಟು ಬರುತ್ತದೆ. ಕೆಲವು ಅಳತೆಗೆ ಮೀರಿ ದೊಡ್ಡವು.

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಶಾಫ್ಟಿನ ಮೇಲಿನ ಉಕ್ಕಿನ ಗೋಪುರ ನಿಂತಿತ್ತು. ಅದರ ಚಕ್ರ ತಿರುಗುತ್ತಿರಲಿಲ್ಲ. ಆಚೆ ಸೈನೈಡ್ ದಿಬ್ಬಗಳು ಬಿಸಿಲಿನಲ್ಲಿ ಬೆಳ್ಳಗೆ ಮಲಗಿದ್ದವು. ಕೆಳಗೆ ಈಗ ಏನಿದೆ ಎಂದು ಹುಡುಗ ಕೇಳಿದ. ನೀರು ಎಂದೆ. ಮಾವನವರ ಗೆಳೆಯನ ಸಂಗತಿಯನ್ನು ಅವನಿಗೆ ಹೇಳಲಿಲ್ಲ. ಹನ್ನೊಂದು ವರ್ಷದ ಹುಡುಗನಿಗೆ ಅದೇಕೆ?

ರಾತ್ರಿ ಕರೆಂಟು ಇತ್ತು. ಅವನು ಬೆಂಗಳೂರಿನಲ್ಲಿರುವ ತಂಗಿಗೆ ಫೋನಿನಲ್ಲಿ ಕತೆ ಹೇಳುತ್ತಿದ್ದ. ನಾನು ಪಕ್ಕದ ಕೋಣೆಯಲ್ಲಿದ್ದೆ. ಕದ್ದು ಕೇಳಿದೆನೆಂದು ಒಪ್ಪಿಕೊಳ್ಳುತ್ತೇನೆ. ಹಾರ್ಡ್‌ವಿಗ್‌ನೂ ಇಲ್ಲ, ಲಿಡೆನ್‌ಬ್ರಾಕನೂ ಇಲ್ಲ. ಪ್ರೊಫೆಸರು ಈಗ ಒಬ್ಬ ಹೆಂಗಸು. ಹ್ಯಾನ್ಸನ ಜಾಗದಲ್ಲಿ ಒಂದು ರೋಬಾಟು. ಶನಿವಾರ ಅದಕ್ಕೆ ಕೂಲಿಯ ಬದಲು ಚಾರ್ಜು. ಚಡ್ಡಿ, ಬೂಟು ಉಳಿದಿದ್ದವು. ಕೊನೆಗೆ ಕೇಜು ಮೇಲೆ ಬಂತು. ನಾನು ಉಸಿರು ಹಿಡಿದೆ.

"ಟಣ್, ಒಂದು. ಟಣ್, ಎರಡು. ಟಣ್, ಮೂರು. ನಾಲ್ಕನೇದು ಇಲ್ಲ."

ಆ ಕಡೆಯಿಂದ ಪುಟ್ಟ ಹುಡುಗಿ ಏನೋ ಗಾಬರಿಯಿಂದ ಕೇಳಿರಬೇಕು.

"ಅಳಬೇಡ ಕಣೇ. ಅದಕ್ಕೇ ಪಾರ್ಟ್ ಟೂ ಇರೋದು. ಅವರು ಯಾರೂ ಮನೆಗೆ ಹೋಗಲ್ಲ. ಅದೇ ಕೇಜಿನಲ್ಲಿ ಮತ್ತೆ ಇಳೀತಾರೆ, ಕರ್ಕೊಂಡು ಬರೋದಕ್ಕೆ."

ನಾನು ದೀಪ ಆರಿಸಿದೆ. ಆ ರಾತ್ರಿ ಬೇಗ ನಿದ್ರೆ ಬಂತು.