ಪೈಠಣದ ಮೂರು ಅಕ್ಷರ

ಗೋದಾವರಿಯ ದಂಡೆಯ ಮೇಲಿರುವ ಪೈಠಣ ಕನ್ನಡ ವಿದ್ಯಾರ್ಥಿಗೆ ಅಪರಿಚಿತವಾದ ಊರಲ್ಲ. ‘ಕವಿರಾಜಮಾರ್ಗ’ವು ಕನ್ನಡನಾಡಿನ ಉತ್ತರದ ಎಲ್ಲೆಯನ್ನು ಹೇಳುವುದು ಈ ನದಿಯಿಂದಲೇ. ಶಾತವಾಹನರ ಪ್ರತಿಷ್ಠಾನವೇ ಇಂದಿನ ಪೈಠಣ. ಪೈಠಣಿ ಸೀರೆಗೆ ಹೆಸರು ಕೊಟ್ಟ ಊರೂ ಅದೇ. ಅಲ್ಲಿಯೂ ನಾಸಿಕ ಜಿಲ್ಲೆಯ ಯೇವಲಾದಲ್ಲಿಯೂ ನೇಕಾರರು ಹಾಸಿನ ಎಳೆಗಳನ್ನು ಎಣಿಸುತ್ತ, ಬಣ್ಣಬಣ್ಣದ ಹೊಕ್ಕನ್ನು ಕೈಯಿಂದಲೇ ಸೇರಿಸುತ್ತ ಸೆರಗಿನಲ್ಲಿ ನವಿಲು, ಗಿಳಿ, ಕಮಲಗಳನ್ನು ಮೂಡಿಸುತ್ತಾರೆ. ಎಣಿಕೆಯಿಂದ ಚಿತ್ರ ಹುಟ್ಟುವ ಈ ಕ್ರಮವೇ ಗಣಕದಲ್ಲಿ ಚಿತ್ರ ಬರೆಯುವವರಿಗೂ ಆಧಾರವಾಗಿದೆ.

ಕಲಾವಿದರೂ ವಿದ್ಯಾರ್ಥಿಗಳೂ ಸುಲಭವಾಗಿ ಕ್ರಮವಿಧಿ ಬರೆಯಲೆಂದು ಕೇಸಿ ರಿಯಾಸ್ ಮತ್ತು ಬೆನ್ ಫ್ರೈ ಅವರು 2001ರಲ್ಲಿ ‘ಪ್ರೊಸೆಸಿಂಗ್’ ಎಂಬ ತಂತ್ರಾಂಶವನ್ನು ಆರಂಭಿಸಿದರು. ಅದೇ ಆಶಯವನ್ನು ಜಾವಾಸ್ಕ್ರಿಪ್ಟಿಗೆ ತಂದ ‘ಪಿ5.ಜೆಎಸ್’ ಅನ್ನು ಲಾರೆನ್ ಮೆಕಾರ್ಥಿ ಅವರು 2013ರಲ್ಲಿ ತೊಡಗಿದರು. ಇವು ಮುಕ್ತ ತಂತ್ರಾಂಶಗಳು; ಇವುಗಳ ಮೂಲವನ್ನು ಯಾರು ಬೇಕಾದರೂ ಓದಬಹುದು, ತಿದ್ದುಪಡಿಯನ್ನು ಸೂಚಿಸಬಹುದು. ಆದರೆ ಬಾಗಿಲು ತೆರೆದಿದೆಯೆಂದ ಮಾತ್ರಕ್ಕೆ ಹೊಸಬರ ಸಂಕೋಚ ಕರಗುವುದಿಲ್ಲ. ತನ್ನಲ್ಲಿ ಕೊಡುವಂಥದು ಏನಿದೆ ಎಂಬ ಪ್ರಶ್ನೆ ಅವರನ್ನು ಹೊಸ್ತಿಲಲ್ಲೇ ತಡೆಯುತ್ತದೆ.

ಕನ್ನಡದ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ಪೈಠಣಿಯ ಸೆರಗನ್ನು ಪರದೆಯ ಮೇಲೆ ಬರೆಯಲು ತೊಡಗುವಳೆಂದು ಭಾವಿಸಬಹುದು. ಚೌಕಗಳ ಸಾಲುಗಳಿಂದ ನವಿಲೇನೋ ಮೂಡುತ್ತದೆ. ಅದರ ಕೆಳಗೆ ‘ಪೈಠಣ’ ಎಂಬ ಹೆಸರಿನ ಅಕ್ಷರಗಳು ಒಂದೊಂದಾಗಿ ಬಂದು ಕೂಡಬೇಕೆಂಬುದು ಅವಳ ಆಸೆ. ಪದವನ್ನು ಬಿಡಿಸುವಂತೆ ವಾಡಿಕೆಯ ರೀತಿಯಲ್ಲಿ ಆಜ್ಞೆ ಬರೆದಾಗ ಮೂರರ ಬದಲು ನಾಲ್ಕು ತುಂಡುಗಳು ದೊರೆಯುತ್ತವೆ: ಪಕಾರ ಒಂದು ಕಡೆ, ಅದರ ಐತ್ವ ಚುಕ್ಕೆಗಳ ವೃತ್ತವೊಂದಕ್ಕೆ ಅಂಟಿಕೊಂಡು ಇನ್ನೊಂದು ಕಡೆ. ‘ಪ್ರತಿಷ್ಠಾನ’ ಎಂದು ಬರೆದರಂತೂ ನಾಲ್ಕು ಅಕ್ಷರಗಳ ಪದ ಹತ್ತು ತುಂಡಾಗುತ್ತದೆ. ಯೂನಿಕೋಡಿನಲ್ಲಿ ವ್ಯಂಜನ, ಸ್ವರಚಿಹ್ನೆ, ಹಲಂತಚಿಹ್ನೆಗಳಿಗೆ ಬೇರೆಬೇರೆ ಸಂಕೇತಗಳಿರುವುದೇ ಇದಕ್ಕೆ ಕಾರಣ. ಇಂಗ್ಲಿಷಿನಲ್ಲಿ ಸಂಕೇತವೂ ಅಕ್ಷರವೂ ಒಂದೇ ಆಗಿರುವುದರಿಂದ ಅಲ್ಲಿನ ಅಭ್ಯಾಸಪಾಠಗಳಲ್ಲಿ ಈ ತೊಡಕು ಎದುರಾಗುವುದಿಲ್ಲ.

ಛಂದಸ್ಸಿನ ತರಗತಿಯಲ್ಲಿ ಗಣ ಹಾಕಿದವಳಿಗೆ ‘ಪ್ರ’ ಒಂದೇ ಅಕ್ಷರವೆಂಬುದು ಗೊತ್ತು. ನುರಿತ ತಂತ್ರಜ್ಞನಿಗೆ ಹೊಳೆಯದೆ ಹೋಗಬಹುದಾದ ದೋಷ ಅವಳ ಕಣ್ಣಿಗೆ ಕೂಡಲೇ ಬೀಳುತ್ತದೆ. ಅವಳು ಕೊಡಬಹುದಾದ ಮೊದಲ ಕಾಣಿಕೆ ಅಲ್ಲಿಯೇ ಇದೆ. ದೋಷವು ತಂತ್ರಾಂಶದ್ದೋ ತಾನು ಬರೆದ ಕ್ರಮವಿಧಿಯದೋ ಎಂಬುದನ್ನು ಮೊದಲು ವಿವೇಚಿಸಬೇಕು. ಇಲ್ಲಿ ಅದು ಪದವನ್ನು ಬಿಡಿಸಿದ ವಿಧಾನದ್ದು. ಜಾವಾಸ್ಕ್ರಿಪ್ಟಿನ ‘ಸೆಗ್ಮೆಂಟರ್’ ಎಂಬ ಸಾಧನ ‘ಪೈ’ಯನ್ನು ಇಡಿಯಾಗಿ ಉಳಿಸುತ್ತದೆ. ಒತ್ತಕ್ಷರಗಳನ್ನು ಮಾತ್ರ ಬೇರೆಯಾಗಿ ಪರೀಕ್ಷಿಸಿ ನೋಡಬೇಕು. ಬಳಿಕ ಇದೇ ವಿಷಯವನ್ನು ಬೇರೆಯವರು ಈಗಾಗಲೇ ಎತ್ತಿದ್ದಾರೆಯೇ ಎಂದು ಹುಡುಕಿ, ಇಲ್ಲವಾದರೆ ಕನ್ನಡದ ಉದಾಹರಣೆಯೊಂದನ್ನು ಸೇರಿಸಬಹುದೇ ಎಂದು ನಿರ್ವಾಹಕರನ್ನು ಕೇಳಿ, ಒಪ್ಪಿಗೆ ದೊರೆತ ಮೇಲೆ ಚಿಕ್ಕದೊಂದು ತಿದ್ದುಪಡಿಯನ್ನು ಒಪ್ಪಿಸಬೇಕು. ಅದನ್ನು ಪರಿಶೀಲಿಸಿದವರು ಮತ್ತೆ ತಿದ್ದಲು ಹೇಳಿದರೆ ಅದು ತಿರಸ್ಕಾರವಲ್ಲ. ಪಿ5.ಜೆಎಸ್ ತನ್ನ ಕೊಡುಗೆದಾರರ ಪಟ್ಟಿಯಲ್ಲಿ ಕ್ರಮವಿಧಿ ಬರೆದವರ ಜೊತೆಗೆ ವಿವರಣೆ ಬರೆದವರನ್ನೂ ಅನುವಾದಿಸಿದವರನ್ನೂ ಸೇರಿಸಿಕೊಳ್ಳುತ್ತದೆ.

ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಈ ಶಿಸ್ತು ಹೊಸದೆನಿಸದು. 1290ರಲ್ಲಿ ರಚಿತವಾದ ‘ಜ್ಞಾನೇಶ್ವರಿ’ಯ ಪಾಠ ಕೈಯಿಂದ ಕೈಗೆ ಸಾಗುತ್ತ ಕಲುಷಿತವಾಗಿದ್ದಾಗ, ಪೈಠಣದವರೇ ಆದ ಸಂತ ಏಕನಾಥರು ಪ್ರತಿಗಳನ್ನು ಹೋಲಿಸಿ 1584ರಲ್ಲಿ ಶುದ್ಧಪಾಠವನ್ನು ಸಿದ್ಧಪಡಿಸಿದರು, ಮುಂದೆ ಯಾರೂ ಅದಕ್ಕೆ ತಮ್ಮ ಓವಿಗಳನ್ನು ಸೇರಿಸದಂತೆ ಎಚ್ಚರಿಸಿದರು. ಮುಕ್ತ ತಂತ್ರಾಂಶದಲ್ಲಿ ಸೇರಿಸುವುದಕ್ಕೆ ನಿಷೇಧವಿಲ್ಲ. ಆದರೆ ಯಾವ ಸಾಲನ್ನು ಯಾರು, ಎಂದು ಬದಲಿಸಿದರೆಂಬುದು ದಾಖಲೆಯಲ್ಲಿ ಉಳಿಯುತ್ತದೆ. ಹಸ್ತಪ್ರತಿಯ ಕಾಲದ ಪ್ರಕ್ಷೇಪದ ಭಯಕ್ಕೆ ಇಲ್ಲಿ ದೊರೆತ ಪರಿಹಾರವಿದು.

ಕನ್ನಡದ ಅಕ್ಷರ ಗಣಕದಲ್ಲಿ ಇಡಿಯಾಗಿ ಉಳಿಯಬೇಕಾದರೆ ಅದರ ಸ್ವರೂಪವನ್ನು ಬಲ್ಲವರು ಅಲ್ಲಿ ಮಾತನಾಡಬೇಕು. ಕನ್ನಡ ವಿಭಾಗಗಳಲ್ಲಿ ಆ ತಿಳಿವಳಿಕೆಗೆ ಕೊರತೆಯಿಲ್ಲ. ಮೊದಲ ಕೊಡುಗೆ ಮೂರು ಅಕ್ಷರಗಳಷ್ಟೇ ಚಿಕ್ಕದಾಗಿದ್ದರೂ ಸಾಲದೆನ್ನಲಾಗದು.